ಹಾಡೆಂದರೆ ಬರೀ ಸೀಡ್ ನಂಬರ್ ಅಲ್ಲ

ಕಳೆದ ವರ್ಷ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ತಾವೇ ಮಾಡಿದ ವಿಡಿಯೋ ಗೇಮುಗಳ ಸ್ಪರ್ಧೆಯಿತ್ತು. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುತ್ತೇನೆ, ಸಣ್ಣವನಿದ್ದಾಗ ಆರು ವರ್ಷ ಮೃದಂಗ ಕಲಿತು ಬಿಟ್ಟಿದ್ದೇನೆ, ಆಗೊಮ್ಮೆ ಈಗೊಮ್ಮೆ ಲೇಖನ ಬರೆಯುತ್ತೇನೆ. ಈ ಮೂರು ಅರೆಬರೆ ಅರ್ಹತೆಗಳು ಸೇರಿ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದವು.

ಅಲ್ಲಿ ಒಬ್ಬ ಹುಡುಗನ ಗೇಮು ಎಲ್ಲರಿಗೂ ಹಿಡಿಸಿತು. ಪೋಸ್ಟರಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ನಿಮ್ಮ ಹಾಡು, ನಿಮ್ಮ ಕೋಟೆ’ ಎಂದು ಬರೆದಿದ್ದ. ನಮ್ಮ ಫೋನಿನಲ್ಲಿರುವ ಯಾವುದಾದರೂ ಹಾಡು ಕೊಟ್ಟರೆ ಗೇಮು ಅದರಿಂದ ಒಂದು ಕೋಟೆ ಕಟ್ಟುತ್ತದೆ. ಕೋಣೆ, ಓಣಿ, ಮೆಟ್ಟಿಲು, ಕಂದಕ, ಕಾವಲುಗಾರರು, ಎಲ್ಲವೂ ಆ ಹಾಡಿನಿಂದಲೇ. ಬೇರೆ ಹಾಡು ಕೊಟ್ಟರೆ ಬೇರೆ ಕೋಟೆ. ನಾನು ಒಂದು ಕೀರ್ತನೆ ಕೊಟ್ಟೆ. ಚೆಂದದ ಕೋಟೆಯೇ ಎದ್ದಿತು. ಸುಮಾರು ಹತ್ತು ನಿಮಿಷ ಅದರೊಳಗೆ ಓಡಾಡಿದೆ. ಪಲ್ಲವಿ ಎಲ್ಲಿ, ಅನುಪಲ್ಲವಿ ಎಲ್ಲಿ, ಚರಣ ಎಲ್ಲಿ ಎಂದು ಹುಡುಕುತ್ತಾ ಹೋದೆ. ಯಾವುದೂ ಸಿಗಲಿಲ್ಲ. ಅನುಮಾನ ಬಂದು, ಅದೇ ಹಾಡಿನ ಕೊನೆಯಲ್ಲಿದ್ದ ಒಂದು ಸೆಕೆಂಡಿನ ಮೌನವನ್ನು ಕತ್ತರಿಸಿ ಮತ್ತೆ ಕೊಟ್ಟೆ. ಹಾಡಿನಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಕೋಟೆ ಮಾತ್ರ ಬುಡಸಮೇತ ಬದಲಾಯಿತು.

“ಇದು ಹೇಗಪ್ಪಾ?” ಎಂದು ಕೇಳಿದೆ.

“ಫೈಲಿಂದ ಒಂದು ಹ್ಯಾಶ್ ತೆಗೀತೀನಿ ಸರ್. ಆ ನಂಬರೇ ಸೀಡ್,” ಎಂದ. ಮುಚ್ಚಿಡುವ ಉದ್ದೇಶವೇನೂ ಅವನಿಗಿರಲಿಲ್ಲ.

ಪಕ್ಕದಲ್ಲಿದ್ದ ಹಿರಿಯ ತೀರ್ಪುಗಾರರೊಬ್ಬರು ನನ್ನ ಮುಖ ನೋಡಿ, “ಅದರಲ್ಲೇನು ತಪ್ಪು? ಒಂದು ಹಾಡಿಗೆ ಒಂದು ಕೋಟೆ ಸಿಕ್ಕಿತಲ್ಲ. ಆಡೋರಿಗೆ ಅಷ್ಟು ಸಾಕು,” ಎಂದರು.

ಆವತ್ತು ಸಮಯವಿರಲಿಲ್ಲ. ಅಷ್ಟು ಏಕೆ ಸಾಲದು ಎಂಬುದಕ್ಕೆ ನನ್ನ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು, ಗೇಮು ಆಡದ ಓದುಗರಿಗಾಗಿ ಎರಡು ಮಾತು. ಕೆಲವು ಗೇಮುಗಳಲ್ಲಿ ಲೋಕವನ್ನು ಮನುಷ್ಯರು ಕೂತು ಒಂದೊಂದೇ ಕಲ್ಲಿಟ್ಟು ಕಟ್ಟಿರುವುದಿಲ್ಲ. ಕಟ್ಟುವ ನಿಯಮಗಳನ್ನಷ್ಟೇ ಬರೆದಿರುತ್ತಾರೆ. ಕಂಪ್ಯೂಟರು ಆ ನಿಯಮಗಳ ಪ್ರಕಾರ ಲೋಕವನ್ನು ತಾನೇ ಹುಟ್ಟಿಸುತ್ತದೆ. ಇದಕ್ಕೆ ಪ್ರೊಸೀಜರಲ್ ಜನರೇಶನ್ ಎನ್ನುತ್ತಾರೆ. ಪ್ರತಿ ಸಲವೂ ಬೇರೆ ಲೋಕ ಬರಬೇಕಾದರೆ ಲೆಕ್ಕಕ್ಕೆ ಒಂದು ಆರಂಭದ ಸಂಖ್ಯೆ ಬೇಕು. ಅದೇ ಸೀಡ್, ಅಂದರೆ ಬೀಜ. ಹ್ಯಾಶ್ ಎಂದರೆ ಫೈಲನ್ನು ಪೂರ್ತಿ ಅರೆದು ತೆಗೆದ ಒಂದು ಸಂಖ್ಯೆ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಹಾಡಾಗಲಿ, ಮದುವೆ ಫೋಟೋ ಆಗಲಿ, ಕರೆಂಟ್ ಬಿಲ್ಲಾಗಲಿ, ಹ್ಯಾಶಿಗೆ ಎಲ್ಲವೂ ಒಂದೇ. ಆ ಹುಡುಗನ ಗೇಮಿಗೆ ನಾನು ಕರೆಂಟ್ ಬಿಲ್ ಕೊಟ್ಟಿದ್ದರೂ ಅಷ್ಟೇ ಚೆಂದದ ಕೋಟೆ ಬರುತ್ತಿತ್ತು. ಹಾಗಿದ್ದ ಮೇಲೆ ಪೋಸ್ಟರಿನಲ್ಲಿ ‘ಹಾಡು’ ಎಂಬ ಪದಕ್ಕೆ ಏನು ಕೆಲಸ?

ಈ ಪ್ರಶ್ನೆ ಒಬ್ಬ ವಿದ್ಯಾರ್ಥಿಯದಲ್ಲ, ಇಡೀ ಕ್ಷೇತ್ರದ್ದು. ತಾನೇ ಹುಟ್ಟುವ ಲೋಕಗಳ ಚರಿತ್ರೆ ಹೆಚ್ಚುಕಡಿಮೆ ಯಾದೃಚ್ಛಿಕತೆಯ ಚರಿತ್ರೆಯೇ. 1980ರ ಸುಮಾರಿಗೆ ಬಂದ ‘ರೋಗ್’ ಎಂಬ ಗೇಮು ಪ್ರತಿ ಸಲ ಹೊಸ ನೆಲಮಾಳಿಗೆಯನ್ನು ಕಟ್ಟಿಕೊಡುತ್ತಿತ್ತು. 1984ರ ‘ಎಲೀಟ್’ನಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯನ್ ಬೆಲ್, ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರಿನೊಳಗೆ 8 ಗ್ಯಾಲಕ್ಸಿಗಳನ್ನು, ಒಂದೊಂದರಲ್ಲಿ 256 ಗ್ರಹಗಳನ್ನು ಇದೇ ಉಪಾಯದಿಂದ ತುಂಬಿಸಿದರು. 1983ರಲ್ಲಿ ಕೆನ್ ಪರ್ಲಿನ್ ಕಂಡುಕೊಂಡ ಲೆಕ್ಕವೊಂದು ಮೋಡ, ಬೆಟ್ಟ, ಅಮೃತಶಿಲೆಗಳನ್ನು ಸಹಜವಾಗಿ ಕಾಣುವಂತೆ ಮಾಡಿತು. ಅದಕ್ಕಾಗಿ 1997ರಲ್ಲಿ ಅವರಿಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ‘ಮೈನ್‌ಕ್ರಾಫ್ಟ್’ನ ಬೆಟ್ಟಗುಡ್ಡಗಳು ಏಳುವುದು ಇದೇ ಬಗೆಯ ಲೆಕ್ಕದಿಂದ. ಆ ಲೆಕ್ಕದ ಹೆಸರು ‘ಪರ್ಲಿನ್ ನಾಯ್ಸ್’. ನಾಯ್ಸ್ ಎಂದರೆ ಗದ್ದಲ. ನಮ್ಮ ಮಕ್ಕಳು ಗಂಟೆಗಟ್ಟಲೆ ಅಲೆಯುವ ಲೋಕಗಳು ಗದ್ದಲದಿಂದ ಕಟ್ಟಿದವು. ಇದನ್ನು ನಾನು ಹೀಯಾಳಿಸಲು ಹೇಳುತ್ತಿಲ್ಲ. ಅದು ದೊಡ್ಡ ಸಾಧನೆ. ಆದರೆ ಗದ್ದಲಕ್ಕೆ ನೆನಪಿಲ್ಲ, ನಿರೀಕ್ಷೆಯಿಲ್ಲ, ಕೊನೆಯೂ ಇಲ್ಲ.

ಕೊನೆಯಿಲ್ಲದಿರುವುದೇ ಹೆಚ್ಚುಗಾರಿಕೆ ಎಂದು ಈ ಉದ್ಯಮ ನಂಬಿಕೊಂಡು ಬಂದಿದೆ. 2016ರಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ನಲ್ಲಿ 2ರ 64ನೇ ಘಾತದಷ್ಟು ಗ್ರಹಗಳು. 18ರ ಮುಂದೆ ಹದಿನೆಂಟು ಸೊನ್ನೆ ಹಾಕಿದರೂ ಆ ಲೆಕ್ಕಕ್ಕೆ ಕಮ್ಮಿಯೇ. ನಾನು ಅದರಲ್ಲಿ ಮೂವತ್ತು ನಲವತ್ತು ಗ್ರಹ ಸುತ್ತಿದೆ. ಚೆಂದವಿತ್ತು. ಆಮೇಲೆ ಒಂದು ಸಂಜೆ, ನಾಳೆ ಯಾವ ಗ್ರಹಕ್ಕೆ ಹೋದರೂ ಒಂದೇ ಅನ್ನಿಸಿ ಬಿಟ್ಟುಬಿಟ್ಟೆ. ಹೊಸದರ ಮೇಲೆ ಹೊಸದು ಬರುತ್ತಲೇ ಇದ್ದರೆ ಹೊಸತನವೇ ಹಳತಾಗುತ್ತದೆ.

ಹಾಡಿನ ದಾರಿ ಇದಕ್ಕೆ ಪೂರಾ ಉಲ್ಟಾ. ಒಂದು ಹಾಡನ್ನು ನಾವು ನೂರು ಸಲ ಕೇಳುತ್ತೇವೆ. ಮುಂದೆ ಏನು ಬರುತ್ತದೆಂದು ಗೊತ್ತಿದ್ದೂ ಕೇಳುತ್ತೇವೆ, ಗೊತ್ತಿರುವುದರಿಂದಲೇ ಕೇಳುತ್ತೇವೆ. ಹಾಡಿಗೆ ಒಂದು ಎತ್ತುಗಡೆಯಿದೆ, ಏರಿಕೆಯಿದೆ, ಮರಳಿ ಬರುವ ಜಾಗವಿದೆ, ಮುಗಿಯುವ ಘಳಿಗೆಯಿದೆ. ತಾನೇ ಹುಟ್ಟುವ ಲೋಕಗಳಿಗೆ ಇಲ್ಲದ್ದು ಏನೇನೋ ಅದೆಲ್ಲವೂ ಹಾಡಿನಲ್ಲಿದೆ. ಆದ್ದರಿಂದ ಹಾಡಿನಿಂದ ಲೆವೆಲ್ ಕಟ್ಟುವುದು ನನ್ನ ಕಣ್ಣಿಗೆ ಒಂದು ಚಮತ್ಕಾರವಾಗಿ ಕಾಣುವುದಿಲ್ಲ, ಈ ಇಡೀ ವಿದ್ಯೆಯ ಕಾಯಿಲೆಗೆ ಮದ್ದಾಗಿ ಕಾಣುತ್ತದೆ. ಮದ್ದನ್ನೇ ತಂದು ಗದ್ದಲ ಮಾಡುವ ಯಂತ್ರದೊಳಗೆ ಅರೆದು ಹಾಕಿದರೆ ನನಗೆ ಸಿಟ್ಟು ಬರುತ್ತದೆ.

ಇದು ಆಗದ ಕೆಲಸವೇನಲ್ಲ. ಇಪ್ಪತ್ತೈದು ವರ್ಷಗಳ ಹಿಂದೆಯೇ ಆಗಿದೆ. 1999ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ನಿಗೆ ‘ವಿಬ್-ರಿಬ್ಬನ್’ ಎಂಬ ಗೇಮು ಬಂತು. ಮಾಡಿದವರು ಮಸಾಯ ಮತ್ಸುಉರ ಮತ್ತು ಅವರ ನಾನಾಆನ್-ಶಾ ಸ್ಟುಡಿಯೋ. ಮತ್ಸುಉರ ಮೂಲತಃ ಸಂಗೀತಗಾರರು. ಪರದೆಯ ತುಂಬ ಕಪ್ಪು, ನಡುವೆ ಒಂದೇ ಒಂದು ಬಿಳಿ ಗೆರೆ, ಗೆರೆಯ ಮೇಲೆ ನಡೆಯುವ ವಿಬ್ರಿ ಎಂಬ ಗೀಚುಚಿತ್ರದಂಥ ಮೊಲ. ಅಷ್ಟೇ. ಗೆರೆಯಲ್ಲಿ ನಾಲ್ಕು ಬಗೆಯ ಅಡೆತಡೆಗಳು ಬರುತ್ತವೆ: ಗುಂಡಿ, ದಿಂಡು, ಸುರುಳಿ, ಅಲೆ. ಒಂದೊಂದಕ್ಕೆ ಒಂದೊಂದು ಗುಂಡಿ ಒತ್ತಬೇಕು. ಕೆಲವೊಮ್ಮೆ ಎರಡು ಅಡೆತಡೆ ಸೇರಿ ಒಂದಾಗಿ ಬರುತ್ತವೆ, ಆಗ ಎರಡು ಗುಂಡಿ. ತಪ್ಪುತ್ತಾ ಹೋದರೆ ಮೊಲ ಕಪ್ಪೆಯಾಗುತ್ತದೆ, ಕಪ್ಪೆ ಹುಳುವಾಗುತ್ತದೆ. ಸರಿಯಾಗಿ ಆಡಿದರೆ ಹುಳು ಮತ್ತೆ ಮೊಲವಾಗುತ್ತದೆ.

ಅದರ ನಿಜವಾದ ಸೊಗಸು ಇರುವುದು ಇನ್ನೊಂದು ಕಡೆ. ಗೇಮು ಪೂರ್ತಿಯಾಗಿ ಯಂತ್ರದ ಮೆಮೊರಿಗೆ ಏರಿಬಿಡುತ್ತಿತ್ತು. ಆಮೇಲೆ ಗೇಮಿನ ಸಿಡಿಯನ್ನು ತೆಗೆದು, ನಿಮ್ಮ ಮನೆಯಲ್ಲಿರುವ ಯಾವುದೇ ಹಾಡಿನ ಸಿಡಿ ಹಾಕಬಹುದಿತ್ತು. ಗೇಮು ಆ ಹಾಡನ್ನು ಓದಿ ಅದಕ್ಕೆ ತಕ್ಕ ಗೆರೆ ಎಳೆಯುತ್ತಿತ್ತು. ಶಾಂತವಾದ ಹಾಡಿಗೆ ಸಾವಕಾಶದ ದಾರಿ, ಅಬ್ಬರದ ಹಾಡಿಗೆ ಮೈತುಂಬ ಮುಳ್ಳು. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ, ಅಂದರೆ ಮೋಮಾ, 2012ರಲ್ಲಿ ತನ್ನ ಸಂಗ್ರಹಕ್ಕೆ ಮೊದಲು ಸೇರಿಸಿಕೊಂಡ 14 ವಿಡಿಯೋ ಗೇಮುಗಳಲ್ಲಿ ‘ಪ್ಯಾಕ್-ಮ್ಯಾನ್’, ‘ಟೆಟ್ರಿಸ್’ಗಳ ಜೊತೆ ಈ ಮೊಲವೂ ಇದೆ.

ಅದಕ್ಕಿಂತ ಎರಡು ವರ್ಷ ಮೊದಲು, 1997ರಲ್ಲಿ, ಅದೇ ಪ್ಲೇಸ್ಟೇಷನ್ನಿಗೆ ‘ಮಾನ್‌ಸ್ಟರ್ ರಾಂಚರ್’ ಬಂದಿತ್ತು. ಅದರಲ್ಲೂ ಮನೆಯ ಸಿಡಿ ಹಾಕಬಹುದಿತ್ತು, ಹಾಕಿದರೆ ಒಂದು ವಿಚಿತ್ರ ಪ್ರಾಣಿ ಹುಟ್ಟುತ್ತಿತ್ತು. ಗೊತ್ತುಮಾಡಿದ ಕೆಲವು ಸಿಡಿಗಳನ್ನು ಬಿಟ್ಟರೆ ಆ ಪ್ರಾಣಿಗೂ ಸಿಡಿಯಲ್ಲಿದ್ದ ಹಾಡಿಗೂ ನಂಟಿರಲಿಲ್ಲ. ಸಿಡಿ ಅಲ್ಲಿ ಬರೀ ಅಂಕಿಗಳ ಚೀಲ. ಅದು ಹಾಗೆಂದು ಒಪ್ಪಿಕೊಂಡ ಆಟ. ನಾನು ನಿಮ್ಮ ಹಾಡನ್ನು ಕೇಳಿದೆ ಎಂದು ಅದು ಹೇಳಿಕೊಳ್ಳಲಿಲ್ಲ. ಆದ್ದರಿಂದ ಅದರ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರು ‘ಮಾನ್‌ಸ್ಟರ್ ರಾಂಚರ್’ನ ಕೆಲಸ ಮಾಡಿ ‘ವಿಬ್-ರಿಬ್ಬನ್’ನ ಬೋರ್ಡು ಹಾಕಿಕೊಳ್ಳುವವರ ಮೇಲೆ.

ಪ್ರಾಮಾಣಿಕವಾದ ಬೇರೆ ದಾರಿಗಳೂ ಇವೆ. 2008ರಲ್ಲಿ ಡಿಲನ್ ಫಿಟರರ್ ಮಾಡಿದ ‘ಆಡಿಯೋಸರ್ಫ್’ ನಮ್ಮ ಕಂಪ್ಯೂಟರಿನ ಹಾಡನ್ನು ಒಂದು ಹೆದ್ದಾರಿಯಾಗಿ ಹಾಸುತ್ತದೆ. ಹಾಡು ಮೆತ್ತಗಿದ್ದಲ್ಲಿ ದಾರಿ ಏರುತ್ತದೆ, ಗಾಡಿ ನಿಧಾನವಾಗುತ್ತದೆ. ಹಾಡು ಅಬ್ಬರಿಸಿದಲ್ಲಿ ದಾರಿ ಇಳಿಜಾರು, ಗಾಡಿ ಧಾವಿಸುತ್ತದೆ. ತೆಳುವಾದ ಸಂಬಂಧ, ಆದರೆ ಸಂಬಂಧ. 2015ರ ‘ಕ್ರಿಪ್ಟ್ ಆಫ್ ದಿ ನೆಕ್ರೋಡ್ಯಾನ್ಸರ್’ ಇನ್ನೊಂದು ಬಗೆ. ಅದರ ನೆಲಮಾಳಿಗೆಯ ಗೋಡೆಗಳು ಹಾಡಿನಿಂದ ಏಳುವುದಿಲ್ಲ, ಯಾದೃಚ್ಛಿಕವಾಗಿಯೇ ಏಳುತ್ತವೆ. ಆದರೆ ಹೆಜ್ಜೆಯನ್ನು ತಾಳಕ್ಕೆ ಸರಿಯಾಗಿಯೇ ಇಡಬೇಕು, ಹಾಡು ಮುಗಿದರೆ ನೆಲ ಬಾಯ್ಬಿಟ್ಟು ನಿಮ್ಮನ್ನು ಕೆಳಗಿನ ಅಂತಸ್ತಿಗೆ ಬೀಳಿಸುತ್ತದೆ. ಗೋಡೆ ನನ್ನದು, ಕಾಲ ಹಾಡಿನದು ಎಂದು ಆ ಗೇಮು ಮೊದಲೇ ಹೇಳಿಬಿಡುತ್ತದೆ. ಇದೂ ನ್ಯಾಯವೇ.

ಹಾಗಾದರೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಎರಡು ಹಾಡುಗಳಿಂದ ಎರಡು ಲೆವೆಲ್ ಮಾಡಿಸಿ. ಶಬ್ದ ಪೂರ್ತಿ ಬಂದ್ ಮಾಡಿ. ಎರಡೂ ಹಾಡು ಚೆನ್ನಾಗಿ ಗೊತ್ತಿರುವ ಒಬ್ಬರನ್ನು ಕೂರಿಸಿ, ಎರಡೂ ಲೆವೆಲ್ ಆಡಿಸಿ, ಯಾವುದು ಯಾವ ಹಾಡಿನದು ಎಂದು ಕೇಳಿ. ಹತ್ತಾರು ಜನರಿಗೆ, ಹತ್ತಾರು ಜೋಡಿ ಹಾಡುಗಳಿಗೆ ಇದನ್ನು ಮಾಡಿ. ಅವರ ಉತ್ತರ ನಾಣ್ಯ ಚಿಮ್ಮಿದ್ದಕ್ಕಿಂತ ಮೇಲಿದ್ದರೆ ಹಾಡು ಲೆವೆಲನ್ನು ರೂಪಿಸಿದೆ. ಇಲ್ಲವಾದರೆ ಹಾಡು ಅಲ್ಲಿ ಅಲಂಕಾರ. ‘ಆಡಿಯೋಸರ್ಫ್’ನಂಥದು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹ್ಯಾಶ್ ತೆಗೆದು ಕಟ್ಟಿದ ಯಾವ ಕೋಟೆಯೂ ಪಾಸಾಗುವುದಿಲ್ಲ. ಆಗುವಂತೆಯೇ ಇಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು.

ಒಂದು: ಕಲೆಯಲ್ಲಿ ಆಕಸ್ಮಿಕಕ್ಕೂ ಜಾಗವಿದೆಯಲ್ಲ? ಇದೆ. ಜಾನ್ ಕೇಜ್ 1951ರಲ್ಲಿ ಚೀನಾದ ಐ ಚಿಂಗ್ ಗ್ರಂಥದ ಶಕುನ ನೋಡುವ ಕ್ರಮವನ್ನು ಬಳಸಿ ‘ಮ್ಯೂಸಿಕ್ ಆಫ್ ಚೇಂಜಸ್’ ರಚಿಸಿದರು. ಆದರೆ ಅವರು ಆಕಸ್ಮಿಕವನ್ನು ಆಕಸ್ಮಿಕ ಎಂದೇ ಕರೆದರು, ಅದನ್ನೇ ಕೇಳುಗರ ಮುಂದೆ ವಾದವಾಗಿ ಇಟ್ಟರು. ಆಕಸ್ಮಿಕವನ್ನು ತಂದು ‘ಇದು ನಿಮ್ಮ ಹಾಡು’ ಎಂದು ಕೊಡುವುದು ಬೇರೆ.

ಎರಡು: ಹಾಡಿಗೆ ಹೊಂದುವ ಲೆವೆಲ್ ಬೇಕಾದರೆ ಮನುಷ್ಯರೇ ಕೂತು ಮಾಡಲಿ, ಯಂತ್ರಕ್ಕೇಕೆ ಆ ಕೆಲಸ? ಇದು ಗಟ್ಟಿಯಾದ ಆಕ್ಷೇಪಣೆ. 1998ರ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಶನ್’, 2005ರ ‘ಗಿಟಾರ್ ಹೀರೋ’ ಇವುಗಳಲ್ಲಿ ಒಂದೊಂದು ಹಾಡಿಗೂ ಹೆಜ್ಜೆಗಳನ್ನು, ಬೆರಳುಗಳನ್ನು ಜನರೇ ಹೊಂದಿಸಿದ್ದಾರೆ. ಕಿವಿಯುಳ್ಳ ಮನುಷ್ಯರು ಮಾಡಿದ ಕೆಲಸ ಅದು. ಯಂತ್ರ ಅದರ ಹತ್ತಿರಕ್ಕೂ ಬರುವುದಿಲ್ಲ, ಒಪ್ಪಿದೆ. ಆದರೆ ಯಾವ ಹಾಡಿಗೆ ಆ ಭಾಗ್ಯ? ಮಾರಾಟವಾಗುವ ಹಾಡಿಗೆ, ಹಕ್ಕು ಕೊಳ್ಳಲು ಯಾರಾದರೂ ಹಣ ಹಾಕುವ ಹಾಡಿಗೆ. ಅಂಥ ಗೇಮುಗಳ ಹಾಡಿನ ಪಟ್ಟಿಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಒಂದು ಕನ್ನಡ ಹಾಡು ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದು ದೇವರನಾಮ, ಒಂದು ಭಾವಗೀತೆ, ಒಂದು ಯಕ್ಷಗಾನದ ಪದ್ಯಕ್ಕೆ ಯಾರು ಕೂತು ಹೆಜ್ಜೆ ಹೊಂದಿಸುತ್ತಾರೆ? ನಮ್ಮಂಥ ಭಾಷೆಯವರ ಹಾಡು ಗೇಮಿನೊಳಗೆ ಹೋಗಲು ಇರುವುದು ಒಂದೇ ಬಾಗಿಲು, ಬಂದವರನ್ನು ‘ಯಾರು’ ಎಂದು ಕೇಳದೆ ಒಳಗೆ ಬಿಡುವ ಯಂತ್ರದ ಬಾಗಿಲು. ‘ವಿಬ್-ರಿಬ್ಬನ್’ ಒಳಗೆ ಯಾವ ಊರಿನ ಸಿಡಿಯನ್ನು ಹಾಕಿದರೂ ಮೊಲ ನಡೆಯುತ್ತಿತ್ತು. ಆದ್ದರಿಂದಲೇ ಈ ಯಂತ್ರದ ಕಿವಿ ಹೇಗಿದೆ ಎಂಬುದು ನನಗೆ ಬರೀ ತಾಂತ್ರಿಕ ವಿಷಯವಲ್ಲ. ಆ ಕಿವಿ ಕೆಟ್ಟದ್ದಾದರೆ ನಾವು ಒಳಗೆ ಹೋದ ಮೇಲೂ ನಮ್ಮನ್ನು ಯಾರೂ ಕೇಳಿಸಿಕೊಂಡ ಹಾಗಾಗುವುದಿಲ್ಲ.

ಆ ಕಿವಿ ಸದ್ಯಕ್ಕೆ ಹೇಗಿದೆ? ಸಿಡಿಯಲ್ಲಿ ಒಂದು ಸೆಕೆಂಡಿನ ಶಬ್ದ ಎಂದರೆ 44,100 ಅಳತೆಗಳು. ಪ್ರೋಗ್ರಾಂ ಇವುಗಳನ್ನು ಒಂದೆರಡು ಸಾವಿರದ ಕಂತುಗಳಾಗಿ ತೆಗೆದುಕೊಂಡು, ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಲೆಕ್ಕದಿಂದ ಯಾವ ಕಂಪನದಲ್ಲಿ ಎಷ್ಟು ಶಕ್ತಿಯಿದೆ ಎಂದು ಬಿಡಿಸುತ್ತದೆ. ಒಂದು ಕಂತಿಗಿಂತ ಮುಂದಿನದರಲ್ಲಿ ಶಕ್ತಿ ಥಟ್ಟನೆ ಹೆಚ್ಚಿದರೆ ಅಲ್ಲೊಂದು ಪೆಟ್ಟು ಬಿತ್ತು ಎಂದು ಗುರುತು ಹಾಕುತ್ತದೆ. ಪೆಟ್ಟುಗಳ ನಡುವಿನ ಅಂತರ ನೋಡಿ ಲಯ ಊಹಿಸುತ್ತದೆ. ಬಹಳಷ್ಟು ಪ್ರೋಗ್ರಾಂಗಳು ಆ ಲಯವನ್ನು ನಾಲ್ಕುನಾಲ್ಕಾಗಿ ಕಟ್ಟಿಡುತ್ತವೆ, ಅವುಗಳನ್ನು ಬರೆದವರು ಕೇಳಿ ಬೆಳೆದ ಪಾಪ್, ರಾಕ್ ಹಾಡುಗಳು ಹೆಚ್ಚಾಗಿ ಹಾಗೇ ಇರುವುದರಿಂದ.

ಈ ಕಿವಿಗೆ ಮಿಶ್ರಛಾಪು ಕೊಟ್ಟು ನೋಡಿ. ಮೂರು, ಎರಡು, ಎರಡು, ಒಟ್ಟು ಏಳು. ನಾಲ್ಕರಲ್ಲಿ ಎಣಿಸುವವನಿಗೆ ಏಳರ ಆವರ್ತ ಶುರುವಾಗುವ ಜಾಗ ಪ್ರತಿ ಸಲ ಜಾರುತ್ತದೆ. 28 ಎಣಿಕೆಗೊಮ್ಮೆ ಮಾತ್ರ ಇಬ್ಬರೂ ಒಂದೇ ಕಡೆ ನಿಲ್ಲುತ್ತಾರೆ. ಉಳಿದ ಹೊತ್ತೆಲ್ಲ ಗಾಯಕರು ಒಂದು ಕಡೆ, ಗೇಮಿನ ಗುಂಡಿಗಳು ಇನ್ನೊಂದು ಕಡೆ. ಅದನ್ನು ಆಡುವ ನನಗೆ ತಾಳ ತಪ್ಪಿದ ಮದುವೆ ಮನೆಯ ವಾಲಗದ ಮುಂದೆ ಕೂತ ಹಾಗಾಗುತ್ತದೆ.

ಆಲಾಪನೆಯ ಪಾಡು ಇನ್ನೂ ಕಷ್ಟ. ಒಂದು ಸಲ, ಹಾಡಿನಿಂದ ದಾರಿ ಹಾಸುವ ಪ್ರೋಗ್ರಾಂ ಒಂದಕ್ಕೆ (ಹೆಸರು ಬೇಡ) ಕಚೇರಿಯೊಂದರ ಧ್ವನಿಮುದ್ರಣದಿಂದ ತೋಡಿ ರಾಗದ ಆಲಾಪನೆ ಕೊಟ್ಟೆ. ಎಂಟು ನಿಮಿಷ. ಗಾಯಕರು ಗಾಂಧಾರದ ಸುತ್ತಮುತ್ತ ಎಷ್ಟು ಹೊತ್ತು ತೂಗಿದರು, ಎಲ್ಲಿ ಬೇಕೆಂದೇ ಷಡ್ಜಕ್ಕೆ ಬಾರದೆ ಸತಾಯಿಸಿದರು, ಕೊನೆಗೆ ತಾರಷಡ್ಜ ಮುಟ್ಟಿದಾಗ ಸಭೆ ಹೇಗೆ ಉಸಿರು ಬಿಟ್ಟಿತು, ಕೇಳಿದವರಿಗೆ ಗೊತ್ತು. ಪ್ರೋಗ್ರಾಂ ಅದಕ್ಕೆ ಹಾಸಿದ್ದು ಬಟಾಬಯಲು. ಎಂಟು ನಿಮಿಷದ ಬಯಲಿನಲ್ಲಿ ಎರಡೇ ಎರಡು ದಿಬ್ಬ. ಹಿಂದಕ್ಕೆ ಹೋಗಿ ಕೇಳಿದೆ. ಒಂದು ದಿಬ್ಬ ಎದ್ದದ್ದು ಮುಂದಿನ ಸಾಲಿನ ಯಾರೋ ಕೆಮ್ಮಿದ್ದಕ್ಕೆ. ಇನ್ನೊಂದು, ಯಾರೋ ತೊಡೆ ತಟ್ಟಿ ‘ಭಲೇ’ ಎಂದದ್ದಕ್ಕೆ. ಗಮಕ ಎಂದರೆ ಜಾರುವ ದನಿ, ಅದರಲ್ಲಿ ಪೆಟ್ಟಿಲ್ಲ. ಕೆಮ್ಮಿನಲ್ಲಿ ಪೆಟ್ಟಿದೆ. ಆ ಕಿವಿಯ ಪ್ರಕಾರ ಆವತ್ತಿನ ಕಚೇರಿಯ ಪ್ರಧಾನ ಕಲಾವಿದರು ಆ ಕೆಮ್ಮಿದವರು.

ಇದಕ್ಕೆ ನಗಬಹುದು, ನಾನೂ ನಕ್ಕೆ. ಆದರೆ ಕಾರಣ ಯಂತ್ರದ ದಡ್ಡತನವಲ್ಲ. ಮುಖ್ಯವಾದುದನ್ನು ಅಳೆಯುವುದು ಕಷ್ಟವೆಂದು, ಅಳೆಯಲು ಸುಲಭವಾದುದನ್ನೇ ಮುಖ್ಯ ಎಂದು ಇಟ್ಟುಕೊಂಡ ನಮ್ಮ ಸೋಮಾರಿತನ ಕಾರಣ. ಹಾಡಿನಲ್ಲಿ ಪೆಟ್ಟಿಗಿಂತ ದೊಡ್ಡದು ಮರಳಿ ಬರುವುದು. ಅದನ್ನು ಕಂಡುಹಿಡಿಯುವ ಉಪಾಯವೂ ಹಳೆಯದೇ. 1999ರಲ್ಲಿ, ಆ ಮೊಲ ಹುಟ್ಟಿದ ವರ್ಷವೇ, ಜೊನಾಥನ್ ಫೂಟ್ ಎಂಬ ಸಂಶೋಧಕರು ಒಂದು ಸರಳ ಚಿತ್ರದ ಕಲ್ಪನೆಯನ್ನು ಮಂಡಿಸಿದರು. ಹಾಡಿನ ಪ್ರತಿಯೊಂದು ತುಣುಕನ್ನು ಅದೇ ಹಾಡಿನ ಉಳಿದೆಲ್ಲ ತುಣುಕುಗಳ ಜೊತೆ ಹೋಲಿಸಿ, ಹೋಲಿಕೆ ಹೆಚ್ಚಿದ್ದಲ್ಲಿ ಬೆಳಕು, ಕಡಿಮೆಯಿದ್ದಲ್ಲಿ ಕತ್ತಲು ಎಂದು ಒಂದು ಚೌಕ ಬರೆಯುವುದು. ಪಲ್ಲವಿ ಮತ್ತೆ ಬಂದಲ್ಲೆಲ್ಲ ಚೌಕದೊಳಗೆ ಓರೆಗೆರೆ ಮೂಡುತ್ತದೆ. ಹಾಡಿನ ನೆನಪು ಕಣ್ಣಿಗೆ ಕಾಣುತ್ತದೆ. ಇದನ್ನು ಮಾಡುವ ಉಚಿತ ಲೈಬ್ರರಿಗಳು ಇವತ್ತು ಯಾವ ವಿದ್ಯಾರ್ಥಿಗೂ ಸಿಗುತ್ತವೆ.

ಹಾಗಿದ್ದರೆ ಪಲ್ಲವಿ ಮರಳಿದಾಗ ಲೆವೆಲ್ ಏಕೆ ಹಳೆಯ ಜಾಗಕ್ಕೆ ಮರಳಬಾರದು? ನಮ್ಮ ಕೀರ್ತನೆಗಳಲ್ಲಿ ಸಂಗತಿ ಎಂಬ ಒಂದು ಕ್ರಮವಿದೆ. ಅದೇ ಸಾಲನ್ನು ಮತ್ತೆ ಹಾಡುತ್ತಾರೆ, ಪ್ರತಿ ಸಲ ಒಂದು ಸಣ್ಣ ತಿರುವು ಹೆಚ್ಚು. ಲೆವೆಲಿಗೆ ಇದಕ್ಕಿಂತ ಒಳ್ಳೆಯ ಮಾದರಿ ಏನು ಬೇಕು? ಅದೇ ಅಂಗಳ, ಈ ಸಲ ಒಂದು ಬಾಗಿಲು ತೆರೆದಿದೆ. ಇನ್ನೊಂದು ಸಲ ಬಂದಾಗ ಆ ಬಾಗಿಲಿನಾಚೆ ದೀಪ ಹಚ್ಚಿದೆ. ತೀರ್ಮಾನ ಬಾರಿಸುವಾಗ ಒಂದೇ ಸೊಲ್ಲುಕಟ್ಟು ಮೂರು ಸಲ ಬಂದು ಸಮಕ್ಕೆ ಬೀಳುತ್ತದೆ. ಎರಡನೆಯ ಸಲ ಕೇಳುವಾಗಲೇ ಮೂರನೆಯದಕ್ಕೆ ಮೈ ಸಿದ್ಧವಾಗಿರುತ್ತದೆ. ಮೂರು ಸಲ ಅದೇ ಜಿಗಿತ, ಮೂರನೆಯದು ನೇರ ಗೆಲುವಿನ ಮೆಟ್ಟಿಲಿಗೆ. ಆಡುವವರಿಗೆ ತಾಳಶಾಸ್ತ್ರ ಗೊತ್ತಿರಬೇಕಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಸಾಹಿತ್ಯದ ಓದುಗರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಭಾಮಿನಿ ಷಟ್ಪದಿ ಒಂದು ನಿಯಮ: ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳ ಹೆಜ್ಜೆ. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿಗೆ 23. ಒಟ್ಟು 102. ಕುಮಾರವ್ಯಾಸ ಒಂದು ಭಾರತವನ್ನೇ ಈ 102 ಮಾತ್ರೆಗಳ ಅಚ್ಚಿನಲ್ಲಿ ಎರಕ ಹೊಯ್ದ. ನಿಯಮದಿಂದ ಲೋಕ ಹುಟ್ಟಿಸುವುದು ನಮಗೆ ಹೊಸ ವಿದ್ಯೆಯಲ್ಲ. ಆದರೆ ಅವನು ಛಂದಸ್ಸಿನಿಂದ ಒಂದು ಸಂಖ್ಯೆ ತೆಗೆದುಕೊಂಡು ಛಂದಸ್ಸನ್ನು ಬಿಸಾಡಲಿಲ್ಲ. ಉದ್ದದ ಸಾಲು ಎಲ್ಲಿ ಬರುತ್ತದೆಂದು ಗೊತ್ತಿದ್ದು ಅಲ್ಲಿಗೆ ತಕ್ಕ ಮಾತನ್ನು ತಂದಿಟ್ಟ. ಗಮಕಿಗಳು ಓದುವಾಗ ನಾವು ಮೂರನೆಯ ಸಾಲಿಗಾಗಿ ಕಾಯುತ್ತೇವಲ್ಲ, ಆ ಕಾಯುವಿಕೆ ನಿಯಮವೂ ಕವಿಯೂ ಸೇರಿ ಮಾಡಿದ ಕೆಲಸ.

ಇನ್ನೊಂದು ಮಾತು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಕಿವಿ ಸರಿಹೋದರೂ ಸಾಲದು, ಹಾಡು ಕೈಯಲ್ಲಿರಬೇಕು. 1999ರಲ್ಲಿ ಸಿಡಿ ನಿಮ್ಮದಾಗಿತ್ತು, ಯಾವ ಯಂತ್ರದಲ್ಲಾದರೂ ಹಾಕಬಹುದಿತ್ತು. 2008ರಲ್ಲಿ ಎಂಪಿತ್ರೀ ಫೈಲು ನಿಮ್ಮ ಕಂಪ್ಯೂಟರಿನಲ್ಲಿತ್ತು. ಈಗ ಹಾಡು ಸ್ಟ್ರೀಮಿಂಗ್ ಕಂಪನಿಗಳ ಬೀಗದೊಳಗಿದೆ. ಬಾಡಿಗೆ ಕೊಟ್ಟು ಕೇಳಬಹುದು, ಆದರೆ ನಿಮ್ಮ ಗೇಮು ಆ ಶಬ್ದವನ್ನು ಮುಟ್ಟುವಂತಿಲ್ಲ. ಸ್ಪಾಟಿಫೈ ಹಾಡುಗಳ ಲಯ, ಭಾಗಗಳು, ಏರಿಳಿತಗಳ ವಿಶ್ಲೇಷಣೆಯನ್ನು ಹೊರಗಿನ ಪ್ರೋಗ್ರಾಂಗಳಿಗೆ ಬಹಳ ವರ್ಷ ಕೊಡುತ್ತಿತ್ತು. 2024ರ ನವೆಂಬರಿನಲ್ಲಿ ಹೊಸದಾಗಿ ಬರುವವರಿಗೆ ಆ ಬಾಗಿಲನ್ನೂ ಮುಚ್ಚಿತು. ಹತ್ತು ಕೋಟಿ ಹಾಡು ಜೇಬಿನಲ್ಲಿದೆ ಎಂದು ನಾವು ಬೀಗುತ್ತೇವೆ. ಅದರಲ್ಲಿ ಒಂದನ್ನಾದರೂ ತೆಗೆದು ಮೊಲದ ಕಾಲಿನ ಕೆಳಗೆ ಹಾಸಲು ನಮಗೆ ಅಧಿಕಾರವಿಲ್ಲ. ಆದ್ದರಿಂದ ಗೇಮು ಮಾಡುವ ಹುಡುಗ ಹುಡುಗಿಯರಿಗೆ ನನ್ನ ವಿನಂತಿ: ನಿಮ್ಮ ಗೇಮಿನಲ್ಲಿ ಫೈಲು ತೆಗೆದುಕೊಳ್ಳುವ ಕಿಂಡಿಯನ್ನು ಮುಚ್ಚಬೇಡಿ. ನಮ್ಮಜ್ಜಿ ಹಾಡಿದ ಸೋಬಾನೆಯನ್ನು ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೇನೆ. ಅದು ಯಾವ ಕಂಪನಿಯ ಪಟ್ಟಿಯಲ್ಲೂ ಇಲ್ಲ. ಅದಕ್ಕೂ ಒಂದು ದಾರಿ ಹಾಸಿಕೊಡುವ ಗೇಮು ನನಗೆ ಬೇಕು.

ಹಿರಿಯ ತೀರ್ಪುಗಾರರ ಮಾತಿಗೆ ಮರಳುತ್ತೇನೆ. ಆಡೋರಿಗೆ ಅಷ್ಟು ಸಾಕು ಎಂದರು. ಆಡುವವರನ್ನು ಅಷ್ಟು ಅಗ್ಗವಾಗಿ ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ತನಗೆ ಪ್ರಿಯವಾದ ಹಾಡನ್ನು ಕೊಟ್ಟವನು ತನ್ನದೇನೋ ಒಂದನ್ನು ನಂಬಿ ಕೊಟ್ಟಿರುತ್ತಾನೆ. ಆ ಹಾಡನ್ನು ಒಂದು ಸಲವೂ ಕೇಳದೆ, ತೂಕ ಹಾಕಿ ಒಂದು ಅಂಕಿ ಬರೆದುಕೊಂಡು, ‘ತಗೊಳ್ಳಿ, ನಿಮ್ಮ ಹಾಡು’ ಎಂದು ಕೋಟೆ ಕೊಡುವುದು ಮೋಸ. ಸಣ್ಣ ಮೋಸ, ಯಾರಿಗೂ ನಷ್ಟವಿಲ್ಲದ ಮೋಸ ಎನ್ನಬಹುದು. ಆದರೆ ನಾಳೆ ನಮ್ಮ ಮಾತನ್ನು, ಬರಹವನ್ನು, ಮುಖವನ್ನು ಓದುತ್ತೇವೆ ಎಂದು ಬರುವ ಯಂತ್ರಗಳನ್ನು ಬರೆಯುವವರೂ ಇದೇ ತರಗತಿಗಳಿಂದ ಬರುತ್ತಾರೆ. ಕೇಳದೆಯೇ ಕೇಳಿದೆ ಎನ್ನುವ ಅಭ್ಯಾಸ ಆಟದಲ್ಲೇ ಶುರುವಾಗುವುದು ಬೇಡ.

ಆವತ್ತು ಆ ಗೇಮಿಗೆ ಎರಡನೆಯ ಬಹುಮಾನ ಬಂತು. ನಾನು ಕಡಿಮೆ ಅಂಕ ಕೊಟ್ಟಿದ್ದೆ, ಏಕೆಂದು ಹುಡುಗನಿಗೂ ಹೇಳಿದೆ. ಅವನು ಬೇಜಾರು ಮಾಡಿಕೊಳ್ಳದೆ ಫೂಟ್ ಅವರ ಚೌಕದ ಬಗ್ಗೆ ಕೇಳಿ ಬರೆದುಕೊಂಡು ಹೋದ. ನಾಲ್ಕು ತಿಂಗಳ ನಂತರ ಗೇಮಿನ ಹೊಸ ಆವೃತ್ತಿ ಕಳಿಸಿದ. ಅದೇ ಕೀರ್ತನೆ ಕೊಟ್ಟೆ. ಕೋಟೆ ಮೊದಲಿನಷ್ಟು ಚೆಂದವಿರಲಿಲ್ಲ. ಗೋಡೆಗಳು ಕೆಲವು ಕಡೆ ಒಂದರೊಳಗೊಂದು ತೂರಿಕೊಂಡಿದ್ದವು, ಕಾವಲುಗಾರನೊಬ್ಬ ಮೆಟ್ಟಿಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಆದರೆ ಚರಣ ಮುಗಿದು ಪಲ್ಲವಿ ಎತ್ತಿಕೊಂಡಾಗ ಓಣಿ ತಿರುಗಿ, ನಾನು ಹೊರಟಿದ್ದ ಅದೇ ಅಂಗಳಕ್ಕೆ ಬಂದೆ. ಕೊನೆಯ ಒಂದು ಸೆಕೆಂಡು ಕತ್ತರಿಸಿ ಮತ್ತೆ ಆಡಿದೆ. ಅಂಗಳ ಅಲ್ಲೇ ಇತ್ತು.